ಚಾವಡಿ ಖಾಲಿ ಮಾಡಿಸಿದ ಕಥೆ

ಗೃಹಾಲಂಕರಣವನ್ನು ವೃತ್ತಿಯಾಗಿ ಸ್ವೀಕರಿಸಲು ಹೊರಟ ಕಿರಿಯರು ಇತ್ತೀಚೆಗೆ ನನ್ನನ್ನು ಕಾಣಲು ಬರುವುದುಂಟು. ಮನೆ ಎಂದರೆ ಕಡಿಮೆ ವಸ್ತು, ಬೆಚ್ಚನೆಯ ಬಣ್ಣ, ಕುಳಿತರೆ ಏಳಬಾರದೆನ್ನಿಸುವ ಮೂಲೆ ಎಂದು ಅವರು ವಿವರಿಸುತ್ತಾರೆ. ಇದೊಂದು ಹೊಸ ವಿಚಾರವೆಂದು ಅವರು ಭಾವಿಸಿರುವುದರಿಂದ ನಾನು ಗೌರವಪೂರ್ವಕವಾಗಿ ಆಲಿಸುತ್ತೇನೆ. ಅರವತ್ತರ ದಶಕದಲ್ಲಿ ಇದೇ ವಿಚಾರವನ್ನು ಚೀಲದಲ್ಲಿ ತುಂಬಿಕೊಂಡು, ಬ್ರಹ್ಮಾವರದಿಂದ ಬೈಂದೂರಿನವರೆಗೆ ನಾನು ಬಸ್ಸಿನಲ್ಲಿಯೂ ದೋಣಿಯಲ್ಲಿಯೂ ಕಾಲ್ನಡಿಗೆಯಲ್ಲಿಯೂ ಸಂಚರಿಸಿದ್ದೆ. ಆ ವಿಚಾರವು ನನ್ನ ಚೀಲದಿಂದ ಕೆಳಗಿಳಿಯಲು ಒಪ್ಪಲಿಲ್ಲ ಎಂಬುದು ಬೇರೆ ಮಾತು.

ನನಗೆ ಯಾವ ವರ್ಷ ಯಾವ ಬಡ್ತಿ ದೊರೆಯಿತೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದರಿಂದ ಯಾರಿಗೂ ಏನೂ ತಿಳಿಯದು. ನಾನು ಮಾಡಿದ ತಪ್ಪುಗಳಿಂದ ಸ್ವಲ್ಪವಾದರೂ ತಿಳಿಯಬಹುದು.

ನನ್ನ ತಂದೆ ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಬಡಗಿ. ನಮ್ಮ ಕುಟುಂಬದಲ್ಲಿ ಪದವಿ ಪಡೆದವರು ನನ್ನ ಮುಂಚೆ ಯಾರೂ ಇರಲಿಲ್ಲ. ಗೃಹವಿಜ್ಞಾನದಲ್ಲಿ ಪದವಿ ಪಡೆದು, ಕುಂದಾಪುರದ ಅಭಿವೃದ್ಧಿ ಕಚೇರಿಯೊಂದರಲ್ಲಿ ಗೃಹ ಸುಧಾರಣೆಯ ಶಿಕ್ಷಕಿಯಾಗಿ ನೇಮಕಗೊಂಡಾಗ, ನಾನು ಆಡುವ ಪ್ರತಿಯೊಂದು ವಾಕ್ಯವೂ ಮುದ್ರಿತ ಪುಸ್ತಕದಂತಿರಬೇಕೆಂದು ನಿಶ್ಚಯಿಸಿಕೊಂಡೆ. ಮನೆಯಲ್ಲಿ "ಬತ್ತೆ, ಹೋತೆ" ಎನ್ನುತ್ತಿದ್ದವಳು ಕೆಲಸಕ್ಕೆ ಸೇರಿದ ದಿನದಿಂದ "ಬರುತ್ತೇನೆ, ಹೋಗುತ್ತೇನೆ" ಎನ್ನತೊಡಗಿದೆ. ನಮ್ಮಮ್ಮ ಮೊದಲ ದಿನ ನನ್ನ ಹಣೆ ಮುಟ್ಟಿ ನೋಡಿದರು, ಜ್ವರವೇನಾದರೂ ಬಂದಿದೆಯೇ ಎಂದು.

ನೇಮಕವು ತಾತ್ಕಾಲಿಕವಾಗಿತ್ತು. ಎರಡು ವರ್ಷಗಳೊಳಗೆ ಒಂದು 'ಮಾದರಿ ಮನೆ'ಯನ್ನು ಸಿದ್ಧಪಡಿಸಿ, ಜಿಲ್ಲಾ ಕೇಂದ್ರದಿಂದ ಬರುವ ಅಧಿಕಾರಿಗಳ ಒಪ್ಪಿಗೆ ಪಡೆಯಬೇಕಿತ್ತು. ಒಪ್ಪಿಗೆ ದೊರೆಯದಿದ್ದರೆ ಮನೆಗೆ ಮರಳಬೇಕಿತ್ತು. ನನಗೆ ಕಚೇರಿಯಲ್ಲಿ ಸ್ವಂತ ಕುರ್ಚಿ ಇದೆಯೆಂದು ತಂದೆಯವರು ಹೊಳೆಯ ಎರಡೂ ದಡಗಳಲ್ಲಿ ಹೇಳಿಯಾಗಿತ್ತು. ಹೀಗಾಗಿ ಮರಳುವುದಾದರೆ ಯಾವ ದಡದಲ್ಲಿ ಇಳಿಯಬೇಕೆಂಬುದೇ ನನಗೆ ತೋಚುತ್ತಿರಲಿಲ್ಲ.

ನಮಗೆ ಕೊಡಲಾಗಿದ್ದ ಬೋಧನಾ ಸಾಧನವೆಂದರೆ ಫ್ಲಾನೆಲ್ ಹಲಗೆ. ಹಲಗೆಗೆ ಉಣ್ಣೆಯ ಬಟ್ಟೆ ಹೊದಿಸಿರುತ್ತಾರೆ. ಸೋಫಾ, ಮೇಜು, ಹೂದಾನಿಗಳ ಕಾಗದದ ಚಿತ್ರಗಳ ಬೆನ್ನಿಗೆ ಮರಳು ಕಾಗದ ಅಂಟಿಸಿರುತ್ತಾರೆ. ಚಿತ್ರವನ್ನು ಬಟ್ಟೆಗೆ ಒತ್ತಿದರೆ ಅದು ನಿಲ್ಲುತ್ತದೆ. ಈ ಸಾಧನವನ್ನು ಕಂಡುಹಿಡಿದವರು ಸಮುದ್ರದ ಗಾಳಿಯನ್ನು ಕಂಡಿರಲಾರರು. ನನ್ನ ಮೊದಲ ಪ್ರಾತ್ಯಕ್ಷಿಕೆ ಹಂಗಾರಕಟ್ಟೆಯಲ್ಲಿಯೇ, ತಂದೆಯವರ ಎದುರಿನಲ್ಲಿಯೇ, ಹೊಳೆಯ ದಂಡೆಯ ಚಪ್ಪರದಲ್ಲಿ ಏರ್ಪಾಡಾಗಿತ್ತು. "ಮಹಿಳೆಯರೇ, ಈ ಕೋಣೆಯಲ್ಲಿ ಯಾವುದು ಅನಾವಶ್ಯಕ?" ಎಂದು ನಾನು ಪ್ರಶ್ನಿಸಿದ ಕ್ಷಣದಲ್ಲಿಯೇ ಗಾಳಿ ಬೀಸಿ ಉತ್ತರ ಕೊಟ್ಟಿತು.

"ಹ್ವಾಯ್! ಟೀಚರಮ್ಮನ ಸೋಫಾ ಹಾರಿ ಹೋಯ್ತ್!" ಎಂದು ಒಬ್ಬಾಕೆ ಕೂಗಿದರು.

"ಮೇಜೂ ಹೋಯ್ತಲೆ!" ಎಂದರು ಇನ್ನೊಬ್ಬರು.

ದೋಣಿಯವರು ಹುಟ್ಟು ಹಾಕಿ ಹೋಗಿ ಸೋಫಾವನ್ನು ನೀರಿನಿಂದ ಎತ್ತಿ ತಂದರು. ಹೂದಾನಿ ಮಾತ್ರ ಅಳಿವೆ ದಾಟಿ ಸಮುದ್ರ ಸೇರಿತು. ಸಂಜೆ ತಂದೆಯವರು ಸಮಾಧಾನದ ಧ್ವನಿಯಲ್ಲಿ, "ಅಡ್ಡಿಲ್ಲ ಮಗಾ, ಸಾಮಾನ್ ಕಡ್ಮಿ ಆಯ್ಕ್ ಅಂದಿಯಲೆ, ಆಯ್ತ್" ಎಂದರು. ಅಂದಿನಿಂದ ನಾನು ಚಿತ್ರಗಳ ಬೋಧನೆಯನ್ನು ತ್ಯಜಿಸಿ, ಜನರ ಮನೆಗಳಿಗೇ ಹೋಗಿ ನಿಜವಾದ ವಸ್ತುಗಳ ನಡುವೆ ಪಾಠ ಹೇಳಲಾರಂಭಿಸಿದೆ. ನನ್ನ ಕಾಲದಲ್ಲಿ ನಡೆದ ಬಹು ದೊಡ್ಡ ಪದ್ಧತಿ ಸುಧಾರಣೆ ಇದೇ. ಇದಕ್ಕೆ ಕಾರಣ ಗಾಳಿ.

ಎರಡನೆಯ ಸಾಧನ ಕೈಪಿಡಿ. ಅದು ಯಾವುದೋ ಚಳಿ ದೇಶದಲ್ಲಿ ರಚಿತವಾಗಿ, ಹಲವು ಭಾಷೆಗಳನ್ನು ದಾಟಿ ಕನ್ನಡಕ್ಕೆ ಬಂದಿತ್ತು. "ಕುಳಿತುಕೊಳ್ಳುವ ಕೋಣೆಯಲ್ಲಿ ಬೆಂಕಿ ಉರಿಯುವ ಸ್ಥಳದ ಮೇಲ್ಭಾಗದಲ್ಲಿ ಒಂದೇ ಒಂದು ಹೂದಾನಿಯನ್ನಿಡುವುದರಿಂದ ಮನೆಗೆ ಆಪ್ತತೆ ಒದಗುತ್ತದೆ" ಎಂದು ಅದರಲ್ಲಿತ್ತು. ನಮ್ಮ ಕಡೆಯ ಮನೆಗಳಲ್ಲಿ ಬೆಂಕಿ ಉರಿಯುವುದು ಎರಡೇ ಕಡೆ, ಅಡುಗೆಯ ಒಲೆಯಲ್ಲಿ ಮತ್ತು ಬಚ್ಚಲಿನ ಹಂಡೆಯ ಕೆಳಗೆ. ಅಡುಗೆಯ ಒಲೆಯ ಮೇಲೆ ಅನ್ನದ ಪಾತ್ರೆ ಇದ್ದುದರಿಂದ, ಅಮಾಸೆಬೈಲಿನ ಒಂದು ಮನೆಯಲ್ಲಿ ನಾನು ಬಚ್ಚಲಿನ ಹಂಡೆಯ ಅಂಚಿನಲ್ಲಿ ದಾಸವಾಳ ತುಂಬಿದ ಹೂದಾನಿಯನ್ನಿಟ್ಟು ಹಿಂದಿರುಗಿದೆ. ಆ ಮನೆಯ ಯಜಮಾನರು ಸ್ನಾನಕ್ಕೆ ಹೋದವರು ಹೂ ಕಂಡು, ಬಚ್ಚಲಲ್ಲಿ ಯಾವುದೋ ದೈವ ನೆಲೆಸಿದೆಯೆಂದು ಭಾವಿಸಿ, ಮೂರು ದಿನ ಗದ್ದೆಯಂಚಿನ ತೋಡಿನ ನೀರಿನಲ್ಲಿ ಮಿಂದರಂತೆ.

ನಮ್ಮ ಕಚೇರಿಯ ಮುಖ್ಯಸ್ಥರಿಗೆ ಈ ವರ್ತಮಾನ ತಲುಪಿತು. ಅವರು ಘಟ್ಟದ ಮೇಲಿನವರು, ಸಜ್ಜನರು, ಆದರೆ ಎಲ್ಲವೂ ಬರವಣಿಗೆಯಲ್ಲಿರಬೇಕೆಂಬ ಹಟದವರು. "ನೀವು ಬಾಯಲ್ಲಿ ಹೇಳೋದ್ರಿಂದ ಇಷ್ಟೆಲ್ಲ ಆಗ್ತಿದೆ ಕಣಮ್ಮ," ಎಂದರು. "ಇನ್ಮೇಲೆ ಏನಿದ್ದರೂ ಲಿಖಿತವಾಗಿ ಕೊಡಿ. ಮೊಹರು ಹಾಕಿ. ಜನಕ್ಕೆ ಒಂದು ಭಯ ಇರುತ್ತೆ." ಅವರ ಸ್ವಂತ ಕೋಣೆಯಲ್ಲಿ ಕಡತಗಳ ರಾಶಿ ಎಷ್ಟು ಎತ್ತರವಿತ್ತೆಂದರೆ ಈ ಉಪದೇಶವು ಯಾವ ರಾಶಿಯ ಹಿಂದಿನಿಂದ ಬಂದಿತೆಂದು ನನಗೆ ಕೂಡಲೇ ತಿಳಿಯಲಿಲ್ಲ. ಮೊಹರಿನ ವಿಷಯವನ್ನು ಮಾತ್ರ ಭಕ್ತಿಯಿಂದ ನೆನಪಿಟ್ಟುಕೊಂಡೆ.

ಮಾದರಿ ಮನೆಯಾಗಿ ನಾನು ಆರಿಸಿದ್ದು ಬೈಂದೂರಿನ ಸಮೀಪದ ಅಕ್ಕಣಿಯಮ್ಮನವರ ಮನೆಯನ್ನು. ಅವರಿಗೆ ಆಗ ಅರವತ್ತರ ಆಸುಪಾಸು. ಮಗ ಮುಂಬಯಿಯ ಹೋಟೆಲೊಂದರಲ್ಲಿದ್ದ. ಸೊಸೆ ಸರಸು ನನ್ನ ತರಗತಿಗೆ ತಪ್ಪದೆ ಬರುತ್ತಿದ್ದಳು. ಅವರು ಗೇಣಿ ಒಕ್ಕಲು. ಗದ್ದೆಯೂ ಮನೆ ನಿಂತ ನೆಲವೂ ಕುಂದಾಪುರದಲ್ಲಿದ್ದ ಒಡೆಯರದು, ಗೋಡೆ ಮತ್ತು ಹಂಚಿನ ಮಾಡು ಮಾತ್ರ ಅಕ್ಕಣಿಯಮ್ಮನವರದು. ಈ ಸಂಗತಿ ನನಗೆ ಚೆನ್ನಾಗಿ ತಿಳಿದಿತ್ತು. ನನ್ನ ಶಬ್ದಭಂಡಾರಕ್ಕೆ ಮಾತ್ರ ತಿಳಿದಿರಲಿಲ್ಲ.

ಆ ಮನೆಯ ಚಾವಡಿ, ಎಂದರೆ ಮುಂಭಾಗದ ಹಜಾರ, ನಿಜಕ್ಕೂ ಸುಂದರವಾಗಿತ್ತು. ಕೆಂಪು ನೆಲ, ಸುಣ್ಣದ ಗೋಡೆ, ಮಾಡಿನಲ್ಲಿ ಎರಡು ಗಾಜಿನ ಹಂಚು. ಆದರೆ ಇದನ್ನು ನಾನು ಅನುಮಾನ ಪ್ರಮಾಣದಿಂದ ತಿಳಿದುಕೊಂಡೆನೇ ಹೊರತು ಪ್ರತ್ಯಕ್ಷವಾಗಿ ಕಂಡಿರಲಿಲ್ಲ. ಏಕೆಂದರೆ ಗೋಡೆಯ ತುಂಬ ಹದಿನೇಳು ಕ್ಯಾಲೆಂಡರುಗಳು, ನೆಲದ ತುಂಬ ಮುಂಬಯಿಯ ಟ್ರಂಕುಗಳು, ಹುಲ್ಲಿನ ಹಗ್ಗ ಸುತ್ತಿ ಕಟ್ಟಿದ ಅಕ್ಕಿ ಮುಡಿಗಳು, ಓಡದ ಗಡಿಯಾರ, ಹಾಡದ ರೇಡಿಯೋ, ಮಾಡಿನ ಜಂತಿಯಿಂದ ತೆಂಗಿನ ಗರಿಯಲ್ಲಿ ಹೆಣೆದು ತೂಗುಬಿಟ್ಟ ಇಪ್ಪತ್ತು ಹಳದಿ ಸೌತೆಕಾಯಿಗಳು.

ನಾನು ಐದು ಬಾರಿ ಹೋದೆ. ಐದು ಬಾರಿಯೂ ಅವಲಕ್ಕಿ ದೊರೆಯಿತು, ಒಂದು ಕ್ಯಾಲೆಂಡರೂ ಇಳಿಯಲಿಲ್ಲ.

"ಅಕ್ಕಣಿಯಮ್ಮನವರೇ, ಈ ಕ್ಯಾಲೆಂಡರು ಐದು ವರ್ಷ ಹಳೆಯದಲ್ಲವೇ?"

"ವರ್ಷ ಹಳಿದ್, ಸೈ. ಅದ್ರಗೆ ಇಪ್ಪು ದೇವ್ರ್ ಹಳಿದಾ?"

"ಈ ಗಡಿಯಾರ ನಡೆಯುವುದಿಲ್ಲವಲ್ಲ?"

"ನಮ್ಮ ಯಜಮಾನ್ರೂ ಕಡೀಗೆ ನಡೀತಿರ್ಲಿಲ್ಲ. ಹೊರಗ್ ಹಾಕ್ದ್ಯಾ ನಾನ್?"

"ಹೋಗಲಿ, ಮೇಲಿನ ಆ ಸೌತೆಕಾಯಿಗಳು? ಅಲಂಕಾರವು ಮಿತವಾಗಿರಬೇಕು."

"ಅಲಂಕಾರ ಅಲ್ದೆ ಟೀಚರಮ್ಮ. ಅದ್ ಹುಳಿಗೆ. ಮಳ್ಗಾಲದಗೆ ನಿಮ್ಮ ಮಿತ ತಿಂಬುಕ್ ಆತ್ತಾ?"

ಸರಸು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ನಾನು ನನ್ನ ಟಿಪ್ಪಣಿಯಲ್ಲಿ "ಚರ್ಚೆ ಪ್ರಗತಿಯಲ್ಲಿದೆ" ಎಂದು ಬರೆದುಕೊಂಡೆ.

ಅಷ್ಟರಲ್ಲಿ ಜಿಲ್ಲಾ ಕೇಂದ್ರದಿಂದ ಪತ್ರ ಬಂದಿತು. ಬರುವ ಸೋಮವಾರ ಮೇಲಧಿಕಾರಿಗಳು ನನ್ನ ಮಾದರಿ ಮನೆಯನ್ನು ಪರಿಶೀಲಿಸಲು ಬರಲಿದ್ದರು. ನನ್ನ ಎರಡು ವರ್ಷ ಮುಗಿಯಲು ಮೂರೇ ವಾರ ಉಳಿದಿತ್ತು. ಕಚೇರಿಯ ಕೆಲಸದಿಂದ ನನಗೆ ಬೈಂದೂರಿಗೆ ಹೋಗಲು ಬಿಡುವಾಗಲಿಲ್ಲ. ಮುಖ್ಯಸ್ಥರ ಉಪದೇಶವನ್ನು ನೆನೆದು, ನನಗೆ ತಿಳಿದಿದ್ದ ಅತ್ಯಂತ ಶುದ್ಧ ಕನ್ನಡದಲ್ಲಿ ಅಕ್ಕಣಿಯಮ್ಮನವರಿಗೆ ಒಂದು ಪತ್ರ ರಚಿಸಿದೆ. ನಾಲ್ಕು ಬಾರಿ ತಿದ್ದಿದೆ. ಅದರ ಒಕ್ಕಣೆ ಈಗಲೂ ನನಗೆ ಬಾಯಿಪಾಠವಿದೆ:

"ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ, ಬರುವ ಸೋಮವಾರ ಪೂರ್ವಾಹ್ನ ಹತ್ತು ಗಂಟೆಯ ಒಳಗಾಗಿ ತಾವು ತಮ್ಮ ವಾಸದ ಮನೆಯ ಚಾವಡಿಯನ್ನು ಸಂಪೂರ್ಣವಾಗಿ ಖಾಲಿ ಮಾಡತಕ್ಕದ್ದು. ಸದರಿ ದಿನ ಮೇಲಧಿಕಾರಿಗಳು ಖುದ್ದಾಗಿ ಬಂದು ಪರಿಶೀಲಿಸುವರು. ತಪ್ಪಿದಲ್ಲಿ ಮುಂದಿನ ಪರಿಣಾಮಗಳಿಗೆ ತಾವೇ ಹೊಣೆ."

ಕೊನೆಯ ವಾಕ್ಯಕ್ಕೆ ಯಾವ ಅರ್ಥವೂ ಇರಲಿಲ್ಲ. ಕಚೇರಿಯಿಂದ ಹೋಗುವ ಎಲ್ಲ ಪತ್ರಗಳೂ ಹಾಗೆಯೇ ಮುಗಿಯುತ್ತಿದ್ದುದರಿಂದ, ಅದು ಕುಶಲ ಸಮಾಚಾರದಂತಹ ಒಂದು ಶಿಷ್ಟಾಚಾರವೆಂದು ನಾನು ಭಾವಿಸಿದ್ದೆ. ಕೆಳಗೆ ಸಹಿ ಮಾಡಿ, ಮೊಹರನ್ನು ಎರಡು ಕಡೆ ಒತ್ತಿದೆ.

ಸೋಮವಾರ ಜೀಪಿನಲ್ಲಿ ಮೇಲಧಿಕಾರಿಗಳು ಬಂದರು. ಅವರು ಮೈಸೂರಿನ ಕಡೆಯ ಹಿರಿಯ ಮಹಿಳೆ, ಬಿಳಿ ಖಾದಿ ಸೀರೆ, ಕಪ್ಪು ಚೌಕಟ್ಟಿನ ಕನ್ನಡಕ. ದಾರಿಯುದ್ದಕ್ಕೂ ಅವರು ಒಂದೇ ಮಾತು ಹೇಳಿದರು. "ಇದುವರೆಗೆ ಹನ್ನೊಂದು ಮಾದರಿ ಮನೆ ನೋಡಿದೆ. ಎಲ್ಲ ಕಡೆ ಪ್ಲಾಸ್ಟಿಕ್ ಹೂವು. ನಿಮ್ಮಲ್ಲಿ ಪ್ಲಾಸ್ಟಿಕ್ ಹೂವು ಇದೆಯಾ?"

"ಇಲ್ಲ, ಅಮ್ಮಾ. ನಮ್ಮಲ್ಲಿ ಏನೂ ಇರುವುದಿಲ್ಲ," ಎಂದೆ.

ಹೆಮ್ಮಾಡಿ ದಾಟಿದೆವು. ಜೀಪು ಅಕ್ಕಣಿಯಮ್ಮನವರ ಅಂಗಳದಲ್ಲಿ ನಿಂತಿತು.

ಚಾವಡಿಯಲ್ಲಿ ಮೂವತ್ತೈದು ಜನ ಕುಳಿತಿದ್ದರು. ಉಪ್ಪುಂದ, ಶಿರೂರು, ಗಂಗೊಳ್ಳಿಗಳಿಂದ ಬಂದ ನೆಂಟರು. ಬರಿಗೈಯಲ್ಲಿ ಬಂದಿರಲಿಲ್ಲ. ಒಬ್ಬರು ಒರಳು ಕಲ್ಲು ತಂದಿದ್ದರು, ಒಬ್ಬರು ತೊಟ್ಟಿಲು, ಒಬ್ಬರು ಮೀನಿನ ಬಲೆ, ಒಬ್ಬರು ನೇಗಿಲು. ಮೊದಲಿನ ಟ್ರಂಕುಗಳ ಮೇಲೆ ಹೊಸ ಟ್ರಂಕುಗಳು ಏರಿದ್ದವು. ಹದಿನೇಳು ಕ್ಯಾಲೆಂಡರುಗಳು ನಲವತ್ತಾಗಿದ್ದವು. ಕಂಬಕ್ಕೆ ಒಂದು ಕರುವನ್ನು ಕಟ್ಟಿದ್ದರು. ನಡುವೆ, ಎತ್ತರದ ಅಕ್ಕಿ ಮುಡಿಯೊಂದರ ಮೇಲೆ, ಅಕ್ಕಣಿಯಮ್ಮನವರು ನನ್ನ ಪತ್ರವನ್ನು ಹಿಡಿದು ಕುಳಿತಿದ್ದರು.

"ಹ್ವಾಯ್ ಟೀಚರಮ್ಮ, ಬನಿ ಬನಿ. ಖಾಲಿ ಮಾಡ್ಸುಕ್ ಬಂದ್ರ್ಯಾ? ಮಾಡ್ಸಿ, ಕಾಂಬ. ಯಾರನ್ ಮೊದ್ಲ್ ಹೊರಗ್ ಹಾಕ್ತ್ರಿ, ನನ್ನನ್ನಾ ಕರೂನಾ?"

ಅವರು ಮುಂದುವರಿಸಿದರು. "ಐದ್ ಸಲ ನಮ್ಮನಿ ಅವಲಕ್ಕಿ ತಿಂದ್ರಿ. ಆರ್ನೇ ಸಲಕ್ಕೆ ನೋಟೀಸಾ? ಒಡೇರ್ ಕಳ್ಸಿದ್ದಾ ನಿಮ್ಮನ್ನ? ನನ್ ಮಾವನ ಕಾಲದಿಂದ ಈ ನೆಲದ್ ಮೇಲ್ ಇದ್ದೋರ್ ನಾವ್!"

ಆಗ ನನಗೆ ಅರ್ಥವಾಯಿತು. ಒಕ್ಕಲಿನ ಮನೆಯಲ್ಲಿ 'ಖಾಲಿ ಮಾಡಿ' ಎಂಬುದಕ್ಕೆ ಇರುವುದು ಒಂದೇ ಅರ್ಥ, ಮನೆ ಬಿಟ್ಟು ಹೋಗಿ ಎಂದು. ಅಂಚೆಯವರು ಪತ್ರವನ್ನು ಜಗಲಿಯಲ್ಲಿ ನಿಂತು ಗಟ್ಟಿಯಾಗಿ ಓದಿದ್ದರಂತೆ. ಎರಡು ಮೊಹರು ಇದ್ದುದರಿಂದ ಎರಡು ಕಚೇರಿಗಳು ಸೇರಿ ಎಬ್ಬಿಸುತ್ತಿವೆ ಎಂದು ವಿವರಣೆಯನ್ನೂ ಕೊಟ್ಟಿದ್ದರಂತೆ. ಜನ, ಸಾಮಾನು, ಜಾನುವಾರು ತುಂಬಿದ ಮನೆಯನ್ನು ಯಾರೂ ಖಾಲಿ ಮಾಡಿಸಲಾರರು ಎಂದು ನೆಂಟರು ತೀರ್ಮಾನಿಸಿ, ಎರಡು ದಿನಗಳಿಂದ ಕುಳಿತಿದ್ದರು.

ಮೇಲಧಿಕಾರಿಗಳು ಕನ್ನಡಕ ಸರಿಪಡಿಸಿಕೊಂಡು, "ಇದೇನಾ ನಿಮ್ಮ ಮಾದರಿ ಮನೆ?" ಎಂದು ಕೇಳಿದರು.

ನನ್ನ ಕುರ್ಚಿ, ತಂದೆಯವರ ಮಾತು, ಹೊಳೆಯ ಎರಡು ದಡಗಳು, ಎಲ್ಲವೂ ಒಮ್ಮೆಲೇ ಕಣ್ಣ ಮುಂದೆ ಬಂದವು. ಎರಡು ವರ್ಷಗಳಿಂದ ಕಾಪಾಡಿಕೊಂಡು ಬಂದ ವ್ಯಾಕರಣವು ಅಲ್ಲಿಯೇ, ಆ ಅಂಗಳದಲ್ಲಿಯೇ, ನನ್ನನ್ನು ಬಿಟ್ಟು ಹೋಯಿತು.

"ಅಯ್ಯೋ ಹಾಂಗಲ್ದೆ ಅಕ್ಕಣಿಯಮ್ಮ!" ಎಂದು ನಾನು ಕಿರುಚಿದೆ. "ಮನಿ ಬಿಡಿ ಅಂದ್ಹೇಳಿ ಯಾರ್ ಹೇಳ್ರ್? ಚಾವ್ಡಿಯಗ್ ಇಪ್ಪು ಸಾಮಾನ್ ಒಂಚೂರ್ ಆಚಿಗ್ ಇಡಿ ಅಂದ್ಹೇಳಿ ಬರ್ದದ್ದ್ ಮರಾಯ್ರೆ! ಕ್ಯಾಲೆಂಡರ್! ಬರೀ ಕ್ಯಾಲೆಂಡರ್!"

ನೆಂಟರು ಒಬ್ಬರ ಮುಖ ಒಬ್ಬರು ನೋಡಿದರು. ಕರು ಮಾತ್ರ ಏನೋ ಹೇಳಿತು.

"ಕ್ಯಾಲೆಂಡರಾ?" ಎಂದರು ಅಕ್ಕಣಿಯಮ್ಮ.

"ಹೌದ್, ಕ್ಯಾಲೆಂಡರ್."

"ಮತ್ತೆ ಮುಂದಿನ ಪರಿಣಾಮ ಅಂದ್ರೆ ಎಂತ?"

"ಅದ್ ಸುಮ್ನೆ. ಎಲ್ಲರಿಗೂ ಹಾಂಗೇ ಬರೂದ್."

ಅವರು ಮುಡಿಯ ಮೇಲಿನಿಂದ ನಿಧಾನವಾಗಿ ಇಳಿದರು. "ನಿಮ್ಗೆ ನಮ್ಮ ಭಾಷಿ ಇಷ್ಟ್ ಚಂದ ಬತ್ತಾ? ಹಾಂಗಾರೆ ಮೊದ್ಲೇ ಮನ್ಷ್ಯರ್ ಹಾಂಗ್ ಮಾತಾಡುಕ್ ಎಂತಾಯ್ತ್ ನಿಮ್ಗೆ?"

ಮೂವತ್ತೈದು ಜನ ಒಟ್ಟಾಗಿ ನಕ್ಕರು. ಆ ನಗುವಿಗೆ ಕರು ಹೆದರಿ ಹಗ್ಗ ಬಿಚ್ಚಿಕೊಂಡು ಓಡಿತು. ಸರಸು ಮೇಲಧಿಕಾರಿಗಳನ್ನು ಅಂಗಳದ ನೆರಳಿನಲ್ಲಿ ಕೂರಿಸಿ ಎಳನೀರು ಕೊಟ್ಟಳು.

ನೆಂಟರಿಗೆ ಈಗ ಆತುರ ಹುಟ್ಟಿತು. ಎರಡು ದಿನಗಳಿಂದ ಅವರ ಗದ್ದೆ, ದೋಣಿ, ಕೋಳಿಗಳನ್ನು ನೋಡುವವರಿರಲಿಲ್ಲ. ಹೊನ್ನಾವರದ ಕಡೆಯಿಂದ ಬರುವ ಬಸ್ಸಿಗೆ ಅರ್ಧ ಗಂಟೆಯಿತ್ತು. ಕೈಗೆ ಸಿಕ್ಕ ಸಾಮಾನನ್ನು ಹೊತ್ತುಕೊಂಡು ಹೊರಟರು. ಯಾವುದು ಯಾರದೆಂದು ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ. ಅಕ್ಕಣಿಯಮ್ಮನವರ ಟ್ರಂಕು ಉಪ್ಪುಂದಕ್ಕೆ ಹೋಯಿತು, ಗಡಿಯಾರ ಶಿರೂರಿಗೆ, ರೇಡಿಯೋ ಗಂಗೊಳ್ಳಿಗೆ. ಅಕ್ಕಿ ಮುಡಿಗಳನ್ನು ನಾಲ್ವರು ಕೊಟ್ಟಿಗೆಗೆ ಉರುಳಿಸಿದರು. ನಲವತ್ತು ಕ್ಯಾಲೆಂಡರುಗಳನ್ನು ಯಾರೋ ಪುಣ್ಯಾತ್ಮರು ಒಂದೇ ಸುರುಳಿ ಮಾಡಿ ಕಂಕುಳಲ್ಲಿಟ್ಟುಕೊಂಡು ನಡೆದರು. ಎರಡು ವರ್ಷಗಳಲ್ಲಿ ನನ್ನಿಂದಾಗದ ಕಾರ್ಯವನ್ನು ನೆಂಟರು ಇಪ್ಪತ್ತು ನಿಮಿಷಗಳಲ್ಲಿ ಮುಗಿಸಿದರು.

ಮೇಲಧಿಕಾರಿಗಳು ಎಳನೀರು ಮುಗಿಸಿ ಒಳಗೆ ಕಾಲಿಟ್ಟರು. ಕೆಂಪು ನೆಲದ ಮೇಲೆ ಒಂದು ಚಾಪೆ. ಮೂಲೆಯಲ್ಲಿ ಒಂದು ಹಿತ್ತಾಳೆಯ ದೀಪ. ಬಿಳಿಯ ಗೋಡೆ. ಮೇಲೆ, ಏಣಿಯಿಲ್ಲದ ಕಾರಣ ಯಾರೂ ಇಳಿಸದೆ ಬಿಟ್ಟ ಸೌತೆಕಾಯಿಗಳ ಸಾಲು, ಗಾಜಿನ ಹಂಚಿನ ಬೆಳಕಿನಲ್ಲಿ ಬಂಗಾರದಂತೆ ಹೊಳೆಯುತ್ತಿತ್ತು. ಅಲ್ಲಿ ಕುಳಿತುಬಿಡಬೇಕೆಂದು ನನಗೂ ಅನ್ನಿಸಿತು. ಅವರು ಕುಳಿತೇಬಿಟ್ಟರು.

"ಎಂಥ ಸಂಯಮ!" ಎಂದರು. "ಎಷ್ಟು ಬೆಚ್ಚಗಿದೆ! ಇದನ್ನು ಯೋಜಿಸಿದವರು ಯಾರು?"

"ನೆಂಟ್ರ್," ಎಂದರು ಅಕ್ಕಣಿಯಮ್ಮ.

"ಆ ಹಳದಿ ತೂಗುಗಳು?"

"ಅದಾ? ಹುಳಿಗೆ."

"ಸ್ಥಳೀಯ ಕಲಾ ಸಂಪ್ರದಾಯ," ಎಂದು ನಾನು ತಕ್ಷಣ ಶುದ್ಧ ಕನ್ನಡಕ್ಕೆ ಅನುವಾದಿಸಿದೆ. ಸುಳ್ಳಲ್ಲ. ಹುಳಿಯೂ ಒಂದು ಕಲೆಯೇ.

ಅವರು ಚಾಪೆಯ ಮೇಲೆ ಕುಳಿತೇ ವರದಿ ಬರೆದು, "ನಿಮ್ಮ ಕೆಲಸ ಖಾಯಂ ಆಗುತ್ತೆ, ಹೆದರಬೇಡಿ," ಎಂದರು. ನನ್ನ ಕಣ್ಣು ತುಂಬಿತು. ಆದರೆ ಜೀಪಿನ ಕಡೆ ಹೊರಟ ನಮ್ಮನ್ನು ಅಕ್ಕಣಿಯಮ್ಮನವರು ಅಡ್ಡಗಟ್ಟಿದರು. ಅವರು ಈಗ ನಗುತ್ತಿರಲಿಲ್ಲ.

"ನಿಮ್ದೆಲ್ಲ ಆಯ್ತ್. ನಂದ್ ಆಯ್ಲಿಲ್ಲ. ಖಾಲಿ ಮಾಡ್ಕ್ ಅಂದ್ಹೇಳಿ ಸೀಲ್ ಹಾಕಿ ಬರ್ದದ್ ಕಾಗ್ದ ಊರ್‍ಗೆಲ್ಲ ಗೊತ್ತಾಯ್ತ್. ನಾಳಿಗ್ ಒಡೇರ್ ಕಿವಿಗ್ ಬಿದ್ರೆ ಅವ್ರೂ ಹಾಂಗೇ ಹೇಳುಕ್ ಶುರು ಮಾಡ್ರೆ? ಖಾಲಿ ಮಾಡುಕಿಲ್ಲ ಅಂದ್ಹೇಳಿ ಇನ್ನೊಂದ್ ಬರ್ಕೊಡಿ. ಸೀಲ್ ಎರಡ್ ಬೇಕ್."

ನನ್ನ ಕುರ್ಚಿಯ ಚಿಂತೆಯಲ್ಲಿ, ಅವರು ಆ ಎರಡು ದಿನ ಯಾವ ಚಿಂತೆಯಲ್ಲಿ ಕುಳಿತಿದ್ದರೆಂದು ನಾನು ಯೋಚಿಸಿಯೇ ಇರಲಿಲ್ಲ. ಇಂಥ ಪತ್ರ ಕೊಡುವ ಅಧಿಕಾರ ನನಗಿರಲಿಲ್ಲ. ಮೇಲಧಿಕಾರಿಗಳಿಗೂ ಇರಲಿಲ್ಲ. ಅವರು ಸೌತೆಕಾಯಿಗಳತ್ತ ಒಮ್ಮೆ ನೋಡಿ, "ಬರೆಯಿರಿ," ಎಂದರು. ಜೀಪಿನ ಮುಂಭಾಗದ ಮೇಲೆ ಕಾಗದವಿಟ್ಟು ಬರೆದೆ: "ಶ್ರೀಮತಿ ಅಕ್ಕಣಿಯಮ್ಮನವರು ಈ ಮನೆಯನ್ನು ಯಾರು ಹೇಳಿದರೂ, ಯಾವ ಕಾರಣಕ್ಕೂ ಖಾಲಿ ಮಾಡತಕ್ಕದ್ದಲ್ಲ." ಚೀಲದಿಂದ ಮೊಹರು ತೆಗೆದು ಎರಡು ಕಡೆ ಒತ್ತಿದೆ. ಸರಸು ಮೂರನೆಯದನ್ನೂ ಕೇಳಿದಳು. ಒತ್ತಿದೆ.

ತಿಂಗಳು ಕಳೆದು ಖಾಯಂ ಆದೇಶದ ಸಿಹಿಯೊಂದಿಗೆ ಆ ಮನೆಗೆ ಹೋದೆ. ಟ್ರಂಕು, ಗಡಿಯಾರ, ರೇಡಿಯೋ, ಮುಡಿಗಳು ಎಲ್ಲವೂ ಸ್ವಸ್ಥಾನಕ್ಕೆ ಮರಳಿದ್ದವು. ಆದರೆ ಎದುರಿನ ಗೋಡೆಯಲ್ಲಿ ಒಂದು ಕ್ಯಾಲೆಂಡರೂ ಇರಲಿಲ್ಲ. ಗೋಡೆಯ ಸರಿಯಾಗಿ ನಡುವೆ, ಗಾಜು ಹಾಕಿಸಿದ ಚೌಕಟ್ಟಿನಲ್ಲಿ, ನನ್ನ ಪತ್ರ ಒಂದೇ ತೂಗುತ್ತಿತ್ತು. ಕೈಪಿಡಿ ಹೇಳಿದಂತೆ ಒಂದು ಗೋಡೆ, ಒಂದು ವಸ್ತು. ನಾನು ಹತ್ತಿರ ಹೋಗಿ ಸಂತೋಷದಿಂದ ಓದಿದೆ. ಓದುತ್ತ ಒಂದು ಶಬ್ದದ ಬಳಿ ಕಣ್ಣು ನಿಂತಿತು. ಜೀಪಿನ ಮೇಲೆ ಆತುರದಲ್ಲಿ ಬರೆಯುವಾಗ 'ಖಾಲಿ' ಎಂಬಲ್ಲಿ 'ಕಾಲಿ' ಎಂದು ಬರೆದುಬಿಟ್ಟಿದ್ದೆ. ನಮ್ಮ ಮನೆಯ ಮಾತಿನಲ್ಲಿ ಹೇಗೆ ಅನ್ನುತ್ತಿದ್ದೆವೋ ಹಾಗೆಯೇ.

"ಅಕ್ಕಣಿಯಮ್ಮ, ಅದನ್ನು ಒಮ್ಮೆ ಇಳಿಸಿ ಕೊಡಿ. ಒಂದು ಅಕ್ಷರ ತಿದ್ದಬೇಕು."

ಅವರು ಅವಲಕ್ಕಿಯ ತಟ್ಟೆಯನ್ನು ನನ್ನ ಮುಂದಿಟ್ಟು, ಚೌಕಟ್ಟಿಗೂ ನನಗೂ ನಡುವೆ ಬಂದು ನಿಂತರು.

"ಮುಟ್ಟುಕಾಗ. ಸೀಲ್ ಬಿದ್ದಿತ್ತ್," ಎಂದರು. "ನೀವ್ ತಿಂಡಿ ತಿನ್ನಿ."